ಒರಗದ ಬೀದಿ

ನಾನು ನಿವೃತ್ತನಾದ ದಿನ ನಮ್ಮ ಸಾಹೇಬರು ಎಲ್ಲರೆದುರು ನನ್ನ ಹೆಗಲ ಮೇಲೆ ಕೈಯಿಟ್ಟು ‘ಸಾಕು’ ಎಂದರು. ಚಪ್ಪಾಳೆ ಬಿತ್ತು. ಹಾರ ಹಾಕಿದರು, ಶಾಲು ಹೊದಿಸಿದರು, ಒಂದು ಗೋಡೆ ಗಡಿಯಾರ ಕೊಟ್ಟರು. ಬೇರೆ ಊರುಗಳಲ್ಲಿ ಇದನ್ನೆಲ್ಲ ಸನ್ಮಾನ ಎನ್ನುತ್ತಾರಂತೆ. ನಮ್ಮೂರಿನಲ್ಲಿ ಆ ಒಂದು ಮಾತಿಗೆ ಬೇರೆ ಅರ್ಥವಿದೆ. ವಾರದಿಂದ ಬಾಯಿಪಾಠ ಮಾಡಿದ್ದ ಭಾಷಣವನ್ನು ಬಿಟ್ಟು ‘ಎಲ್ಲರಿಗೂ ನಮಸ್ಕಾರ’ ಎಂದವನೇ ಮನೆಯ ಕಡೆ ಓಟಕಿತ್ತೆ, ದಾರಿಯಲ್ಲೇ ಎಲ್ಲಿ ಒರಗಿಬಿಡುತ್ತೇನೋ ಎಂಬ ಭಯಕ್ಕೆ. ಹಾರ ಕೊರಳಲ್ಲೇ ಇತ್ತು. ಯಾವುದೋ ಮದುವೆಮನೆಯಿಂದ ಮುದಿ ಗಂಡು ತಪ್ಪಿಸಿಕೊಂಡು ಓಡುತ್ತಿದೆ ಎಂದು ಜನ ತಿಳಿದರಂತೆ.

ಒರಗುವುದೆಂದರೆ ರಾತ್ರಿಯ ನಿದ್ದೆಯಲ್ಲ. ಅದನ್ನು ಎಲ್ಲ ಊರಿನವರೂ ಮಾಡುತ್ತಾರೆ. ನಮ್ಮಲ್ಲಿ ಯಾವ ವಸ್ತುವನ್ನು ಬಳಸುವುದಿದ್ದರೂ ಅದನ್ನು ಮುಟ್ಟಿ ‘ಬೇಕು’ ಎನ್ನಬೇಕು, ಆಗ ಅದು ಏಳುತ್ತದೆ. ಕೆಲಸ ಮುಗಿದ ಮೇಲೆ ಮುಟ್ಟಿ ‘ಸಾಕು’ ಎನ್ನಬೇಕು. ಬೇಕು ಎಂದವರೆಲ್ಲ ಸಾಕು ಎಂದ ಮೇಲೆ, ಇನ್ಯಾರಾದರೂ ಬಂದಾರೇನೋ ಎಂದು ಸ್ವಲ್ಪ ಹೊತ್ತು ಕಾದು, ಅದು ಒರಗುತ್ತದೆ. ಬೆಂಕಿಪೊಟ್ಟಣ ಕಣ್ಣು ಮಿಟುಕಿಸುವಷ್ಟರಲ್ಲಿ ಒರಗಿದರೆ, ಹೊಳೆ ದಾಟಿಸುವ ದೋಣಿ ಬಿಸಿಲು ಏರುವ ತನಕ ಕಾಯುತ್ತದೆ. ಎಷ್ಟು ಬೇಕು ಬಿದ್ದಿವೆ, ಎಷ್ಟು ಸಾಕು ಬಿದ್ದಿವೆ ಎಂಬುದು ವಸ್ತುವಿಗೆ ಮಾತ್ರ ಗೊತ್ತು. ಯಾರು ಎಂದರು ಎಂಬುದು ಅದಕ್ಕೂ ಗೊತ್ತಿಲ್ಲ. ಹಾಗಾಗಿ ಒಂದು ಸಾಕು ಹೆಚ್ಚಿಗೆ ಬಿದ್ದರೆ ಇನ್ನೊಬ್ಬರು ಬಳಸುತ್ತಿರುವಾಗಲೇ ಅದು ಕೈಯಲ್ಲಿ ಒರಗಿಬಿಡುತ್ತದೆ. ಒಮ್ಮೆ ಪರವೂರಿನ ಹೊಸ ಅಳಿಯನೊಬ್ಬ ಊಟದ ಪಂಕ್ತಿಯಲ್ಲಿ ಬಡಿಸುವವನ ಕೈ ಹಿಡಿದು ‘ಸಾಕು’ ಎಂದುಬಿಟ್ಟ. ಬಡಿಸುವವನು ಸಾರಿನ ಬಕೆಟ್ಟಿನ ಸಮೇತ ಅಲ್ಲೇ ಒರಗಿದ. ನಮ್ಮವರು ಪಂಕ್ತಿಯಲ್ಲಿ ‘ಹೊಟ್ಟೆ ತುಂಬಿತು’ ಎನ್ನುತ್ತಾರೆ, ಅದೂ ಕೈ ಹಿಂದಕ್ಕೆ ಕಟ್ಟಿಕೊಂಡು.

ಮನೆಯೊಳಗಿನ ಒಂದು ದೀಪ ಎಚ್ಚರವಿದ್ದರೂ ಮನೆ ಒರಗುವಂತಿಲ್ಲ. ಒಂದು ಮನೆ ಎಚ್ಚರವಿದ್ದರೂ ಬೀದಿ ಒರಗುವಂತಿಲ್ಲ. ಬೇಕು ಎಂದು, ಸಾಕು ಎನ್ನಲು ಮರೆತವರನ್ನು ಹುಡುಕುವುದಕ್ಕೆಂದೇ ನಮ್ಮಲ್ಲಿ ಮರೆವು ತಪಾಸಣೆಯ ಕಚೇರಿ ಇದೆ. ನಾನು ಅಲ್ಲಿ ತಪಾಸಕನಾಗಿದ್ದೆ. ಮನೆಮನೆಗೆ ಹೋಗಿ ಒರಳುಕಲ್ಲಿಗೆ, ತೊಟ್ಟಿಲಿಗೆ, ಹಂಡೆಗೆ ಕಿವಿಯಿಟ್ಟು ಎಚ್ಚರವಿದೆಯೋ ಒರಗಿದೆಯೋ ನೋಡುವುದು, ಎಚ್ಚರವಿದ್ದರೆ ಮನೆಯವರನ್ನು ನಿಲ್ಲಿಸಿಕೊಂಡು ಬುದ್ಧಿ ಹೇಳುವುದು. ಬುದ್ಧಿ ಹೇಳುವ ಭಾಗ ನನಗೆ ಬಹಳ ಇಷ್ಟ. ‘ಹಿಡಿಯೋಕೆ ಬರುತ್ತೆ, ಬಿಡೋಕೆ ಬರಲ್ವಾ?’ ಎಂದು ನಾನು ಕೇಳದ ಗೃಹಿಣಿ ಈ ಊರಿನಲ್ಲಿಲ್ಲ. ಅವರೆಲ್ಲ ಈಗ ಈ ಕಥೆ ಓದಿ ಸೆರಗು ಬಾಯಿಗಿಟ್ಟುಕೊಂಡು ನಗಲಿ, ನನ್ನ ಅಭ್ಯಂತರವಿಲ್ಲ.

ಮನುಷ್ಯರದೂ ಇದೇ ಕ್ರಮ, ಎರಡು ವ್ಯತ್ಯಾಸ ಮಾತ್ರ. ಏನನ್ನಾದರೂ ಹಿಡಿದುಕೊಂಡಿರುವ ಮನುಷ್ಯ ಅದನ್ನು ಬಿಡುವ ತನಕ ತಾನು ಒರಗಲಾರ. ಮತ್ತೆ, ಚೊಂಬಿಗೆ ಯಾರು ಯಾವ ಮನಸ್ಸಿನಿಂದ ಬೇಕು ಎಂದರೂ ನಡೆಯುತ್ತದೆ. ಒರಗಿದ ಮನುಷ್ಯ ಏಳಬೇಕಾದರೆ ಮಾತ್ರ, ಬೇಕು ಎಂದವರಿಗೆ ಅವನು ನಿಜವಾಗಿ ಬೇಕಾಗಿರಬೇಕು. ನೌಕರಿ ಇರುವವರಿಗೆ ಇದರ ಚಿಂತೆಯಿಲ್ಲ, ಕಚೇರಿಗೆ ಅವರು ಬೇಕೇ ಬೇಕು. ಕರಿಬಸಪ್ಪ ಮೇಷ್ಟ್ರು ನಿವೃತ್ತರಾದ ಮೇಲೆ ಅಂಚೆ ಕಚೇರಿಯ ಕಲ್ಲುಬೆಂಚಿನ ಮೇಲೆ ಒರಗಿದವರು ಒಂದಿಡೀ ಮಳೆಗಾಲ ಏಳಲಿಲ್ಲ. ಸೊಸೆ ಬಂದು ನಯವಾಗಿ ಬೇಕು ಎಂದಳು, ತಮ್ಮ ಬಂದು ಜೋರಾಗಿ ಬೇಕು ಎಂದ, ಊಹೂಂ. ಕೊನೆಗೆ ಕ್ಷೌರದ ಅಂಗಡಿಯ ಮುನಿರಾಜು, ‘ಮೇಷ್ಟ್ರೇ, ಚದುರಂಗಕ್ಕೆ ಸರಿಯಾದ ಜೊತೆ ಇಲ್ದೆ ತಲೆ ಕೆಟ್ಟೋಗಿದೆ, ಬೇಕು’ ಎಂದ. ಮೇಷ್ಟ್ರು ಕಣ್ಣು ಬಿಟ್ಟು, ‘ಕುದುರೆ ಯಾವ ಮನೇಲಿತ್ತು?’ ಎಂದರು. ಆ ಮಳೆಗಾಲದಲ್ಲಿ ನಾನು ಅಂಚೆ ಕಚೇರಿಗೆ ಹೋದಾಗಲೆಲ್ಲ ಒದ್ದೆ ಕೊಡೆಯನ್ನು ಮೇಷ್ಟ್ರ ತೋಳಿಗೆ ನೇತುಹಾಕಿ ಒಳಗೆ ಹೋಗುತ್ತಿದ್ದೆ. ತಮಾಷೆಯೆಂದು ನಾಲ್ಕು ಜನಕ್ಕೆ ತೋರಿಸಿಯೂ ಇದ್ದೆ.

ಈಗ ಹಾರ ಹಾಕಿಕೊಂಡು ಮನೆಗೆ ಓಡಿಬಂದವನಿಗೆ ಕಣ್ಣೆದುರು ಬಂದದ್ದು ಆ ತೋಳು, ಆ ಕೊಡೆ. ನನ್ನನ್ನು ಯಾರು ಎಬ್ಬಿಸುತ್ತಾರೆ? ಚದುರಂಗ ಬರುವುದಿಲ್ಲ. ಹಾಡು ಬರುವುದಿಲ್ಲ. ಬರುವುದು ಬುದ್ಧಿವಾದ ಒಂದೇ, ಅದು ಯಾರಿಗೂ ಬೇಕಾಗಿದ್ದಂತೆ ಕಾಣಲಿಲ್ಲ. ಒರಗಲೇಬಾರದು, ಯಾರಾದರೊಬ್ಬರು ಸದಾ ನನ್ನನ್ನು ಹಿಡಿದಿರುವ ಹಾಗೆ ನೋಡಿಕೊಳ್ಳಬೇಕು ಎಂದು ಅಂದೇ ತೀರ್ಮಾನಿಸಿದೆ.

ಮಾರನೆಯ ದಿನದಿಂದಲೇ ಕಾರ್ಯಕ್ರಮ ಶುರು. ಪಕ್ಕದ ಮನೆಯವರು ಕೇಳದಿದ್ದರೂ ಏಣಿ ಕೊಟ್ಟುಬಂದೆ. ಮುನಿರಾಜುವಿನ ಅಂಗಡಿಯಲ್ಲಿ ಕೂತು, ನನ್ನ ಸರ್ವಿಸಿನಲ್ಲಿ ಕಂಡ ಒಂದು ಕಳ್ಳತನದ ಕಥೆಯನ್ನು ಕಳ್ಳ ಗೋಡೆ ಹತ್ತುವ ತನಕ ಹೇಳಿ, ‘ಮಿಕ್ಕಿದ್ದು ಮುಂದಿನ ವಾರ’ ಎಂದು ಎದ್ದೆ. ಹೋದ ಮನೆಯಲ್ಲೆಲ್ಲ ಏನಾದರೂ ಬಿಟ್ಟುಬರುತ್ತಿದ್ದೆ. ಒಂದು ಕಡೆ ಕೊಡೆ, ಒಂದು ಕಡೆ ಕನ್ನಡಕದ ಡಬ್ಬಿ, ಒಂದು ಕಡೆ ಎಡಗಾಲಿನ ಚಪ್ಪಲಿ. ಕುಂಟಿಕೊಂಡು ಮನೆಗೆ ಬಂದೆ, ಆದರೆ ಆ ಮನೆಯವರು ಚಪ್ಪಲಿ ನೋಡಿದಾಗಲೆಲ್ಲ ನನ್ನನ್ನು ನೆನೆಯುತ್ತಾರಲ್ಲ ಎಂಬ ಸಮಾಧಾನ. ಉಪಾಯ ಫಲಿಸಿದ್ದೂ ಕಣ್ಣಿಗೆ ಕಾಣುತ್ತಿತ್ತು. ಮಧ್ಯಾಹ್ನದ ಊಟವಾದ ಮೇಲೆ ನಮ್ಮ ಬೀದಿಯವರು ಒಬ್ಬರನ್ನೊಬ್ಬರು ಮುಟ್ಟಿ ಸಾಕು ಎಂದುಕೊಂಡು ಜಗಲಿಗಳ ಮೇಲೆ ಒರಗುವುದು ಪದ್ಧತಿ. ಸಂಜೆ ಹಾಲಿನ ರಂಗಮ್ಮ ಬಂದು ತನ್ನ ವರ್ತನೆಯ ಮನೆಯವರನ್ನು ಎಬ್ಬಿಸುತ್ತಾಳೆ. ಅವರೆಲ್ಲ ಒರಗಿದ ಹೊತ್ತಿನಲ್ಲಿ ನಾನೊಬ್ಬ ಎದೆ ಸೆಟೆಸಿಕೊಂಡು ಬೀದಿಯ ಈ ತುದಿಯಿಂದ ಆ ತುದಿಗೆ ಓಡಾಡುತ್ತಿದ್ದೆ. ನೋಡುವವರು ಯಾರೂ ಇರಲಿಲ್ಲ, ಅದೊಂದು ಕೊರತೆ.

ನನ್ನ ಹೆಂಡತಿ ತಾಯಮ್ಮ ಕೂಡ ಒರಗುತ್ತಿರಲಿಲ್ಲ. ನನಗೆ ಅದು ತಡವಾಗಿ ಗಮನಕ್ಕೆ ಬಂತು. ಬಂದಾಗಲೂ, ಗಂಡ ಮನೆಯಲ್ಲಿರುವ ಸಂತೋಷಕ್ಕೆ ಎಚ್ಚರವಿದ್ದಾಳೆ ಎಂದುಕೊಂಡೆ. ಸಾರಿಗೆ ಎರಡು ಸಲ ಉಪ್ಪು ಹಾಕುತ್ತಿದ್ದಳು, ಕೂತಲ್ಲೇ ಗೋಡೆ ನೋಡುತ್ತಿದ್ದಳು. ‘ಏನೇ, ನಿನಗೂ ನಿವೃತ್ತಿ ಆಯ್ತಾ?’ ಎಂದು ಚೇಷ್ಟೆ ಮಾಡಿದೆ. ಅವಳು ನನಗೆ ಇನ್ನೊಂದು ಸೌಟು ಉಪ್ಪುಸಾರು ಬಡಿಸಿದಳು.

ಅಷ್ಟರಲ್ಲಿ ಬೀದಿಗೆ ಏನೋ ಆಗತೊಡಗಿತು. ಹಾಸುಗಲ್ಲು ಬೆಳಗಿನ ಜಾವಕ್ಕೇ ಬಿಸಿಯಾಗಿರುತ್ತಿತ್ತು, ಹಸುಗಳು ಮಲಗಲು ಪಕ್ಕದ ಬೀದಿಗೆ ಹೋದವು. ನಲ್ಲಿಯಲ್ಲಿ ಉಗುರುಬೆಚ್ಚನೆ ನೀರು. ಬಾಗಿಲುಗಳು ಉಬ್ಬಿ ಚೌಕಟ್ಟಿಗೆ ಕೂರಲಿಲ್ಲ. ಜನ ಒರಗಿ ಎದ್ದರೂ ಸಿಡುಕುತ್ತಿದ್ದರು. ಎಲ್ಲಕ್ಕಿಂತ ಕಷ್ಟವಾದದ್ದು ಬೀದಿಯ ತುದಿಯಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದ, ಮನೆ ಮಾತ್ರ ಪಕ್ಕದ ಬೀದಿಯಲ್ಲಿದ್ದ ಜಯಶೀಲಳಿಗೆ. ಗಿರಣಿಗೆ ಕಸುವು ಬರುವುದು ಬೀದಿಯಿಂದ. ಬೀದಿ ದಣಿದರೆ ಕಲ್ಲು ಒಮ್ಮೆ ಓಡುತ್ತದೆ, ಒಮ್ಮೆ ಮುಗ್ಗರಿಸುತ್ತದೆ. ರಾಗಿ ಹಿಟ್ಟಿಗೆ ಕರಕಲು ವಾಸನೆ ಬಂತು. ಗಿರಾಕಿಗಳು ಡಬ್ಬ ಎತ್ತಿಕೊಂಡು ಆಚೆ ದಡದ ಗಿರಣಿಗೆ ಹೋಗತೊಡಗಿದರು.

ಒಂದು ಬೆಳಿಗ್ಗೆ ಜಯಶೀಲ ಹಿಟ್ಟು ಮೆತ್ತಿದ ಕೈಯಲ್ಲೇ ನಮ್ಮ ಜಗಲಿಗೆ ಬಂದಳು. ‘ಸಾರ್, ನಮ್ ಬೀದಿ ಒರಗ್ದೆ ಬಾಳ ದಿನ ಆಯ್ತು. ಯಾವ್ದೋ ಮನೇಲಿ ಏನೋ ಎಚ್ಚರ ಉಳ್ಕೊಂಡಿದೆ. ನಿಮ್ಗಿಂತ ಚೆನ್ನಾಗಿ ಹುಡ್ಕೋರು ಯಾರಿದ್ದಾರೆ? ಹಿಂಗೇ ಆದ್ರೆ ನನ್ ಗಿರಣಿ ಕಲ್ಲು ಸೀಳೋಗುತ್ತೆ, ನಾನು ಬೀದಿಗೆ ಬೀಳ್ತೀನಿ’ ಎಂದು ನನ್ನ ಹೆಗಲು ಮುಟ್ಟಿ, ‘ಬೇಕು ಸಾರ್’ ಎಂದಳು. ಶರ್ಟಿನ ಮೇಲೆ ಐದು ಬೆರಳಿನ ಹಿಟ್ಟಿನ ಗುರುತು ಬಿತ್ತು. ಆ ಶರ್ಟನ್ನು ನಾನು ಒಗೆಯಲು ಹಾಕಲೇ ಇಲ್ಲ. ಒಳಗೆ ಹೋಗಿ, ‘ನೋಡಿದ್ಯಾ?’ ಎಂದು ತಾಯಮ್ಮನಿಗೆ ತೋರಿಸಿದೆ. ಅವಳು ಶರ್ಟು ನೋಡಲಿಲ್ಲ, ನನ್ನ ಮುಖ ನೋಡಿದಳು. ‘ಹುಡುಕಿ, ಹುಡುಕಿ. ದೂರ ಎಲ್ಲೂ ಹೋಗ್ಬೇಡಿ, ಅಷ್ಟೇ’ ಎಂದಳು.

ನನ್ನ ಹಳೆಯ ಕೋಟು ಹೊರಗೆ ಬಂತು. ಮನೆಮನೆ ಹೊಕ್ಕು ಕಿವಿಯಿಟ್ಟೆ. ಅಕ್ಕಸಾಲಿಗರ ತಿದಿ, ದರ್ಜಿಯ ಹೊಲಿಗೆ ಯಂತ್ರ, ಬಾಣಂತಿ ಮನೆಯ ತೊಟ್ಟಿಲು ಯಾವುದನ್ನೂ ಬಿಡಲಿಲ್ಲ. ಎಲ್ಲ ಸರಿಯಾಗಿ ಒರಗಿದ್ದವು. ನಿಜ ಹೇಳಬೇಕೆಂದರೆ ನನಗೆ ಅವಸರವೂ ಇರಲಿಲ್ಲ. ಸಿಕ್ಕಿಬಿಟ್ಟರೆ ಜಯಶೀಲ ಸಾಕು ಎಂದುಬಿಡುತ್ತಾಳೆ. ಹಾಗಾಗಿ ನೋಡಿದ ಮನೆಯನ್ನೇ ಮತ್ತೆ ನೋಡಿದೆ, ಒರಗಿದ ಹಂಡೆಯನ್ನು ಅನುಮಾನದಿಂದ ದಿಟ್ಟಿಸಿ ‘ಹೂಂ’ ಎಂದೆ. ಎಲ್ಲ ಮನೆಯೂ ಮುಗಿದು ನನ್ನದೊಂದು ಉಳಿಯಿತು. ತಪಾಸಕನ ಮನೆಯನ್ನು ತಪಾಸಣೆ ಮಾಡುವ ಪದ್ಧತಿಯಿಲ್ಲ, ಆದರೂ ಜಗಲಿಯ ಗೋಡೆಗೆ ಕಿವಿಯಿಟ್ಟೆ. ಗೋಡೆ ಜ್ವರ ಬಂದ ಹಣೆಯ ಹಾಗೆ ಸುಡುತ್ತಿತ್ತು. ನನ್ನ ಕಿವಿಗೇ ವಯಸ್ಸಾಗಿದೆ ಎಂದುಕೊಂಡು ಕೋಟು ತೆಗೆದೆ.

ಆ ಮಧ್ಯಾಹ್ನವೇ ಗಿರಣಿಯ ಕಡೆಯಿಂದ ದೊಡ್ಡ ಸದ್ದು ಬಂತು. ಓಡಿಹೋಗಿ ನೋಡಿದರೆ ಮೇಲಿನ ಕಲ್ಲಿನ ಅಂಚು ಸೀಳಿತ್ತು. ಜಯಶೀಲ ಅಳುತ್ತಿರಲಿಲ್ಲ. ಕಲ್ಲಿನ ಪಕ್ಕ ನೆಲದ ಮೇಲೆ ಕೂತು, ಜ್ವರದ ಮಗುವಿಗೆ ತಣ್ಣೀರು ಪಟ್ಟಿ ಹಾಕುವವರ ಹಾಗೆ ಒದ್ದೆ ಗೋಣಿಚೀಲವನ್ನು ಅದರ ಮೇಲೆ ಒತ್ತಿ ಒತ್ತಿ ಹಿಡಿಯುತ್ತಿದ್ದಳು. ‘ಸಾರ್, ಇವತ್ತು ಬೀದಿ ಒರಗಿದ್ರೆ ಇದು ತಣ್ಣಗಾಗಿ ಉಳ್ಕೊಳುತ್ತೆ. ಇಲ್ದಿದ್ರೆ ನಾಳೆ ಎರಡು ಹೋಳು’ ಎಂದಳು. ನಮ್ಮ ಜಗಲಿಯ ಸುಡುವ ಗೋಡೆ ನೆನಪಾಯಿತು. ನನ್ನ ಕಿವಿಗೆ ವಯಸ್ಸಾಗಿರಲಿಲ್ಲ. ಬೀದಿಯವರೆಲ್ಲ ಒರಗಿದ್ದ ಆ ಹೊತ್ತಿನಲ್ಲಿ ಎಚ್ಚರವಿದ್ದು ಓಡಿಬಂದವನು ನಾನೊಬ್ಬನೇ. ಊರಿಗೆಲ್ಲ ಬಿಡುವುದನ್ನು ಕಲಿಸಿದ ತಪಾಸಕನೇ ಬೀದಿಯನ್ನು ಹಿಡಿದುಕೊಂಡು ಕೂತಿದ್ದ.

‘ಸಿಕ್ತು ಜಯಶೀಲ. ಸಂಜೆಯೊಳಗೆ ಒರಗಿಸ್ತೀನಿ. ಮೊದಲು ನೀನು ನನಗೆ ಸಾಕು ಅನ್ನು’ ಎಂದೆ. ಅವಳು ಏನು ಎತ್ತ ಎಂದು ಕೇಳದೆ ಸಾಕು ಎಂದುಬಿಟ್ಟಳು, ಅಷ್ಟು ಚುರುಕಾಗಿ ಅನ್ನಬಾರದಿತ್ತು ಎನಿಸಿತು. ಅಲ್ಲಿಂದ ನೇರ ಮುನಿರಾಜುವಿನ ಅಂಗಡಿಗೆ ಹೋದೆ. ಅವನದು ಬೇರೆ ಬೀದಿ, ಎಚ್ಚರವಿದ್ದ. ಕಳ್ಳನ ಕಥೆಯ ಮಿಕ್ಕ ಭಾಗವನ್ನು ಒಂದೇ ಉಸಿರಿಗೆ ಹೇಳಿ ಮುಗಿಸಿ, ‘ಈಗ ಸಾಕು ಅನ್ನಪ್ಪ’ ಎಂದೆ. ಮುನಿರಾಜು ಕತ್ತಿ ಮಸೆಯುವುದನ್ನು ನಿಲ್ಲಿಸಿ, ‘ಯಾವ ಕಳ್ಳ ಯಜಮಾನ್ರೇ? ನಾನು ನಿಮಗೆ ಬೇಕು ಅಂದಿದ್ದೇ ಇಲ್ವಲ್ಲ’ ಎಂದ. ಮೂಲೆಯಲ್ಲಿ ಚದುರಂಗದ ಮಣೆಯ ಮುಂದೆ ಕೂತಿದ್ದ ಕರಿಬಸಪ್ಪ ಮೇಷ್ಟ್ರು ತಲೆಯೆತ್ತದೆ, ‘ನಿಮ್ಮ ಕೊಡೆ ಒಣಗಿತಾ?’ ಎಂದು ಕೇಳಿದರು. ಏಣಿ ಕೊಟ್ಟ ಮನೆಯವರನ್ನು ರಂಗಮ್ಮನಿಗಿಂತ ಮೊದಲೇ ಎಬ್ಬಿಸಿ ಕೇಳಿದೆ. ಅವರು ಆಕಳಿಸುತ್ತ, ‘ಏಣಿಗೂ ಬೇಕು ಅಂದಿಲ್ಲ ಸ್ವಾಮಿ, ಹಿತ್ತಲಲ್ಲಿ ಒರಗಿದೆ, ತಗೊಂಡು ಹೋಗಿ. ದಾರಿಗೆ ಅಡ್ಡ’ ಎಂದರು. ಎಡಗಾಲಿನ ಚಪ್ಪಲಿಯನ್ನು ನಾಯಿ ಕಚ್ಚಿಕೊಂಡು ಹೋಗಿ ಬಹಳ ದಿನವಾಗಿತ್ತಂತೆ. ಅವರನ್ನೆಲ್ಲ ಮುಟ್ಟಿ ಸಾಕು ಎಂದೆ, ಅವರು ಮತ್ತೆ ಒರಗಿದರು. ನಾನು ಏಣಿ ಹೊತ್ತುಕೊಂಡು ಬಿಸಿ ಕಲ್ಲಿನ ಮೇಲೆ ನಡೆದು ಮನೆಗೆ ಬಂದೆ. ಊರಿನಲ್ಲಿ ಒಬ್ಬರೂ ನನ್ನನ್ನು ಹಿಡಿದಿರಲಿಲ್ಲ. ಇಷ್ಟು ದಿನ ಯಾರೂ ಹಿಡಿಯದೆ ನಾನು ಎಚ್ಚರವಿದ್ದದ್ದಾದರೂ ಹೇಗೆ?

ತಾಯಮ್ಮ ಅಡುಗೆಮನೆಯ ಹೊಸ್ತಿಲ ಮೇಲೆ ಕೂತಿದ್ದಳು. ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು. ಅದನ್ನು ಅಂದೇ ಮೊದಲ ಸಲ ಸರಿಯಾಗಿ ನೋಡಿದೆ. ‘ಯಾರೂ ಇಲ್ಲ ಕಣೆ’ ಎಂದೆ. ‘ನಾನು ಇದ್ದೀನಲ್ಲ’ ಎಂದಳು. ‘ಯಾವಾಗ ಅಂದೆ?’ ‘ಮದುವೆಯಾದ ವಾರ ಅಂದಿದ್ದು. ಸಾಕು ಅಂದಿಲ್ಲ. ಮೊದಲಾದ್ರೆ ಮಧ್ಯಾಹ್ನ ನೀವು ಕಚೇರೀಲಿರ್ತಿದ್ರಿ, ಎಚ್ಚರವಿರೋರನ್ನ ಕೈಯಿಂದ ಕೈಗೆ ಕೊಡೋಕೆ ಸಾಕು ಅನ್ನೋದು ಬೇಡವಲ್ಲ, ಬಾಗಿಲಲ್ಲೇ ನಿಮ್ಮನ್ನ ಕಚೇರಿ ಕೈಗೆ ಕೊಟ್ಟು ನಾನು ಒರಗ್ತಿದ್ದೆ, ಸಂಜೆ ಮತ್ತೆ ಹಿಡ್ಕೋತಿದ್ದೆ. ಈಗ ಯಾರ ಕೈಗೆ ಕೊಡ್ಲಿ? ಹಿಡ್ಕೊಂಡು ಒರಗೋಕಾಗಲ್ಲ. ನಿದ್ದೆ ಇದೆ, ಒರಗಿಲ್ಲ, ಮೈಯೆಲ್ಲ ನೋವು.’

‘ಬಿಡಬಾರದಿತ್ತೇನೆ? ಎಲ್ಲ ಗಂಡ ಹೆಂಡಿರೂ ಊಟ ಆದ್ಮೇಲೆ ಬಿಡ್ತಾರೆ. ಸಂಜೆ ರಂಗಮ್ಮ ನಿನ್ನ ಎಬ್ಬಿಸಿದ ಮೇಲೆ ನೀನು ನನ್ನ ಎಬ್ಬಿಸಿದ್ರಾಗ್ತಿತ್ತು.’

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ‘ಎಬ್ಬಿಸಿದಾಗ ನೀವು ಏಳದೇ ಹೋದ್ರೆ?’ ಎಂದಳು.

ನಾನು ಹೊತ್ತಿದ್ದ ಏಣಿಯನ್ನು ಕೆಳಗಿಟ್ಟೆ. ಅವಳೇ ಮುಂದುವರಿಸಿದಳು. ‘ಆಗ ಅಂದಿದ್ದು ನಿಜವಾಗೇ ಅಂದಿದ್ದೆ. ಈಗ ಬಿಟ್ಟು ಮತ್ತೆ ಅಂದ್ರೆ ನಿಜ ಆಗುತ್ತೋ ಇಲ್ವೋ, ನಂಗೆ ಹೇಗೆ ಗೊತ್ತು? ಬಿಟ್ರೆ ತಾನೆ ಗೊತ್ತಾಗೋದು. ಅದಕ್ಕೇ ಬಿಡ್ಲಿಲ್ಲ. ನೀವಂತೂ ಚೊಂಬು ಮುಟ್ಟಿ ಬೇಕು ಅಂತೀರಿ, ಕೊಡೆ ಮುಟ್ಟಿ ಬೇಕು ಅಂತೀರಿ. ದಿನಾ ನನ್ನ ಎಬ್ಬಿಸ್ತಿದ್ದೋಳು ಹಾಲಿನ ರಂಗಮ್ಮ. ಅವಳಿಗೆ ನಾನು ಬೇಕು, ಪಾತ್ರೆ ಹಿಡಿಯೋಕೆ.’

ಆ ಕ್ಷಣ ಅವಳ ಕೈ ಮುಟ್ಟಿ ಬೇಕು ಎಂದುಬಿಡಬೇಕು ಎನಿಸಿತು. ಕೈ ಮುಂದಕ್ಕೂ ಹೋಯಿತು. ಆದರೆ ಹಾಗೆಂದುಬಿಟ್ಟರೆ ನಾನು ಅವಳನ್ನು ಹಿಡಿದಂತೆ. ಅವಳೂ ಒರಗಲಾರಳು, ನಾನೂ ಒರಗಲಾರೆ, ಮನೆ ಬೀದಿ ಯಾವುದೂ ಒರಗುವುದಿಲ್ಲ, ನಾಳೆ ಜಯಶೀಲಳ ಕಲ್ಲು ಎರಡು ಹೋಳು. ಜೀವಮಾನದಲ್ಲಿ ಒಂದೇ ಒಂದು ಸಲ ಹೇಳಬೇಕೆನಿಸಿದ ಮಾತಿಗೆ ನಾನು ಆರಿಸಿಕೊಂಡ ಮುಹೂರ್ತ ಇದು. ಕೈ ಹಿಂದಕ್ಕೆಳೆದುಕೊಂಡು, ‘ಸಾಕು ಅನ್ನು ತಾಯಮ್ಮ’ ಎಂದೆ. ಧೈರ್ಯದಿಂದ ಹೇಳಿದೆ ಎಂದು ಬರೆಯುವ ಆಸೆ ಇದೆ, ಆದರೆ ದನಿ ನಡುಗಿತು. ‘ಏಳದಿದ್ರೆ ಅಂಚೆ ಕಚೇರಿ ಬೆಂಚಿನ ಮೇಲೆ ಮಾತ್ರ ಹಾಕಬೇಡ. ಆ ಮೇಷ್ಟ್ರು ಕೊಡೆ ತಗೊಂಡು ಬರ್ತಾರೆ’ ಎಂದೂ ಸೇರಿಸಿದೆ. ಅವಳಿಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ನನ್ನ ಹೆಗಲ ಮೇಲೆ, ಹಿಟ್ಟಿನ ಬೆರಳುಗಳ ಗುರುತಿನ ಮೇಲೆಯೇ ಕೈಯಿಟ್ಟಳು. ‘ಸಾಕು’ ಎಂದಳು.

ಮುಂದಿನದನ್ನು ನಾನು ಕಂಡದ್ದಲ್ಲ, ಕೇಳಿದ್ದು. ನಾನು ಹೊಸ್ತಿಲಿಗೆ ಒರಗಿದೆನಂತೆ. ಬಾಯಿ ತೆರೆದಿತ್ತಂತೆ. ತಾಯಮ್ಮ ನನ್ನ ಪಕ್ಕದಲ್ಲೇ ಒರಗಿದಳು. ಮನೆ ಒರಗಿತು. ಬೀದಿ ಒಮ್ಮೆ ನಿಟ್ಟುಸಿರು ಬಿಟ್ಟು, ಹಾಸುಗಲ್ಲೆಲ್ಲ ಟಿಕ್ ಟಿಕ್ ಎಂದು ತಣ್ಣಗಾಗುತ್ತ, ಒರಗಿತು. ರಂಗಮ್ಮ ಆ ಸಂಜೆ ಬೀದಿಯ ಬಾಯಿಗೆ ಬಂದವಳು, ಈಗಷ್ಟೇ ಒರಗಿದ ಬೀದಿಯನ್ನು ಎಬ್ಬಿಸುವುದು ಪಾಪ ಎನಿಸಿ, ಹಾಲಿನ ಕ್ಯಾನು ಹೊತ್ತು ಹಿಂದಿರುಗಿದಳಂತೆ. ಬೀದಿಯನ್ನು ಮರುದಿನ ಎಬ್ಬಿಸಿದವಳು ಜಯಶೀಲ. ಕಲ್ಲು ಉಳಿದಿತ್ತು. ಸೀಳಿದ ಅಂಚಿಗೆ ಕಬ್ಬಿಣದ ಪಟ್ಟಿ ಕಟ್ಟಿಸಿ ಓಡಿಸಿದರೆ ಮೊದಲಿಗಿಂತ ನುಣ್ಣಗೆ ಬೀಸುತ್ತಿತ್ತು. ಹಿಟ್ಟಿನ ರುಚಿ ನೋಡಿ ಹೇಳುವುದಕ್ಕೆ ಅವಳು ಎಬ್ಬಿಸಿದ್ದು ತಾಯಮ್ಮನನ್ನು. ನನ್ನನ್ನು ದಾಟಿಕೊಂಡು ಹೋಗಿ ಎಬ್ಬಿಸಿದಳಂತೆ.

ತಾಯಮ್ಮ ಅಂದು ಕಾಫಿ ಕುಡಿದಳು. ಇನ್ನೊಂದು ಲೋಟ ಕುಡಿದಳು. ಗಿರಣಿಗೆ ಹೋಗಿಬಂದಳು. ಎಣ್ಣೆಯ ಡಬ್ಬದ ಮುಚ್ಚಳ ಬಿಗಿಯಾಗಿತ್ತು, ನನ್ನ ಹೆಗಲು ಮುಟ್ಟಿ ಬೇಕು ಎಂದಳು, ನಾನು ಏಳಲಿಲ್ಲ. ಬೀದಿಯವರು ಏನೆಂದುಕೊಂಡಾರು ಎಂದು ಇನ್ನೊಮ್ಮೆ ಬೇಕು ಎಂದಳು, ಆಗಲೂ ಏಳಲಿಲ್ಲ. ಮುಚ್ಚಳವನ್ನು ಬಾಗಿಲ ಸಂದಿಗಿಟ್ಟು ತಾನೇ ತೆಗೆದಳು, ತನ್ನಷ್ಟಕ್ಕೆ ಅಡುಗೆ ಮಾಡಿದಳು. ಒಗ್ಗರಣೆ ಹಾಕುತ್ತ, ಜಯಶೀಲಳ ಗಿರಣಿಗೆ ಕಟ್ಟಿದ ಪಟ್ಟಿ ಸೊಟ್ಟಗಿದೆ ಎಂದು ಗಟ್ಟಿಯಾಗಿ ಹೇಳಿದಳು. ಯಾರೂ ‘ನಿನಗೇನು ಗೊತ್ತು’ ಎನ್ನಲಿಲ್ಲ. ಮತ್ತೊಮ್ಮೆ ಹೇಳಿದಳು. ಯಾರೂ ಬುದ್ಧಿ ಹೇಳಲಿಲ್ಲ. ಆಗ ಅವಳಿಗೆ ಎಲ್ಲಿಲ್ಲದ ಸಿಟ್ಟು ಬಂತು. ಸೌಟು ಹಿಡಿದ ಕೈಯಲ್ಲೇ ಬಂದು ನನ್ನ ಹೆಗಲು ಅಲುಗಿಸಿ, ‘ಬೇಕು ಅಂದ್ರೆ ಬೇಕು, ಏಳ್ರೀ’ ಎಂದು ಕೂಗಿದಳು.

ನಾನು ಕಣ್ಣು ಬಿಟ್ಟೆ. ಸೌಟಿನಿಂದ ಎಣ್ಣೆ ನನ್ನ ಮೊಣಕೈ ಮೇಲೆ ತೊಟ್ಟಿಕ್ಕುತ್ತಿತ್ತು. ಅವಳ ಕಣ್ಣಿನ ಕೆಳಗಿನ ಕಪ್ಪು ತಿಳಿಯಾಗಿತ್ತು. ಏನಾಯಿತು, ಕಲ್ಲು ಉಳಿಯಿತೇ, ಎಷ್ಟು ದಿನವಾಯಿತು ಎಂದು ಕೇಳುವುದಿತ್ತು. ಏನನ್ನೂ ಕೇಳದೆ, ಸೌಟು ಹಿಡಿಯದ ಅವಳ ಇನ್ನೊಂದು ಕೈಯನ್ನು ಹಿಡಿದುಕೊಂಡು, ‘ಬೇಕು’ ಎಂದೆ.

‘ಏನು, ಕಾಫೀನಾ?’ ಎಂದಳು. ‘ಪಾತ್ರೆ ಮುಟ್ಟಿ ಹೇಳ್ರೀ. ನನ್ನ ಮುಟ್ಟಿದ್ರೆ ಪಾತ್ರೆ ಏಳಲ್ಲ.’

‘ಗೊತ್ತು ಕಣೆ’ ಎಂದೆ. ಕೈ ಬಿಡಲಿಲ್ಲ.